ಹತ್ತು ತಿಂಗಳು ಜರ್ಮನಿಯ ಮನೆಮಗಳು: ಎಕ್ಸ್‌ಚೇಂಜ್ ವರ್ಷಕ್ಕೆ ಹೋಗುವವರಿಗೆ, ಕಳಿಸುವವರಿಗೆ

ಮಗಳು ಹೋಗಿ ಮೂರನೇ ದಿನ ರಾತ್ರಿ ಫೋನ್ ಮಾಡಿದಳು. "ಅಮ್ಮಾ, ಹಸಿವಾಗ್ತಿದೆ" ಅಂದಳು. ರಾತ್ರಿ ಊಟಕ್ಕೆ ಕೂತಾಗ ಬ್ರೆಡ್ಡಿನ ಬುಟ್ಟಿ ಅವಳ ಮುಂದೆ ಬಂದಿತ್ತು. ಒಂದು ತುಂಡು ತಿಂದಳು. ಇನ್ನೊಂದು ಬೇಕಾ ಅಂತ ಕೇಳಿದಾಗ ಬೇಡ ಅಂದಳು. ನಮ್ಮಲ್ಲಿ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ. ಎರಡನೇ ಸಲ ಬಡಿಸುವವರು ಒತ್ತಾಯ ಮಾಡುತ್ತಾರೆ, ಮೂರನೇ ಸಲ ತಟ್ಟೆಗೆ ಬಂದೇ ಬೀಳುತ್ತದೆ. ಅಲ್ಲಿ ಬುಟ್ಟಿ ಮುಂದಿನವರ ಹತ್ತಿರ ಹೋಯಿತು, ಅಷ್ಟೇ. ಆ ಮನೆಯವರು ತುಂಬ ಒಳ್ಳೆಯವರು. ಬೇಡ ಅಂದವರಿಗೆ ಮತ್ತೆ ಮತ್ತೆ ಕೊಡುವುದು ಅವರ ಪ್ರಕಾರ ಮರ್ಯಾದೆಯಲ್ಲ.

ನಾವು ಪಾಸ್‌ಪೋರ್ಟ್, ವೀಸಾ, ಸ್ವೆಟರ್ ಎಲ್ಲಕ್ಕೂ ತಯಾರಾಗಿದ್ದೆವು. ಬಾಯಿಬಿಟ್ಟು ಕೇಳುವುದಕ್ಕೆ ಮಾತ್ರ ಅವಳನ್ನು ತಯಾರು ಮಾಡಿರಲಿಲ್ಲ. ಅವಳು ಇದ್ದದ್ದು ಜರ್ಮನಿಯ ವಾಯವ್ಯ ಮೂಲೆಯ ಓಸ್ಟ್‌ಫ್ರೀಸ್‌ಲಾಂಡ್‌ನಲ್ಲಿ, ಔರಿಖ್ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅದೇ ಸಾಲಿನಲ್ಲಿ ಒಬ್ಬ ಜರ್ಮನ್ ಹುಡುಗ ಮೈಸೂರಿನ ನಮ್ಮ ಮನೆಯಲ್ಲಿ ಕೆಲವು ತಿಂಗಳು ಇದ್ದ. ಎರಡೂ ಕಡೆಯಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದೇಶ ಬೇರೆಯಾದರೆ ಕಾಗದಪತ್ರ ಬೇರೆಯಾಗುತ್ತದೆ. ಉಳಿದದ್ದು ಬಹಳ ಮಟ್ಟಿಗೆ ಇದೇ.

ಮೊದಲು, ಎಕ್ಸ್‌ಚೇಂಜ್ ವರ್ಷ ಅಂದರೆ ಏನು ಅಂತ ತಿಳಿದುಕೊಳ್ಳಿ

ಹದಿಹರೆಯದ ಮಗು ಇನ್ನೊಂದು ದೇಶದ ಮನೆಯಲ್ಲಿ ಆ ಮನೆಯ ಮಗುವಾಗಿ ಇದ್ದು, ಅಲ್ಲಿನ ಶಾಲೆಗೆ ಹೋಗಿ, ವರ್ಷ ಮುಗಿದ ಮೇಲೆ ವಾಪಸ್ ಬರುವುದು ಇದರ ಒಟ್ಟು ಅರ್ಥ. ವಿದೇಶದಲ್ಲಿ ಸೀಟು ಹಿಡಿಯುವ ದಾರಿ ಇದಲ್ಲ. ಅಲ್ಲೇ ಉಳಿಯುವ ದಾರಿಯಂತೂ ಅಲ್ಲವೇ ಅಲ್ಲ, ವಾಪಸ್ ಬರುವುದು ಕಡ್ಡಾಯ.

ನಮ್ಮ ಮಕ್ಕಳಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ರೋಟರಿ ಯೂತ್ ಎಕ್ಸ್‌ಚೇಂಜ್. ಇದು 15ರಿಂದ 19 ವರ್ಷದವರಿಗೆ. ಅಪ್ಪ-ಅಮ್ಮ ರೋಟರಿ ಸದಸ್ಯರೇ ಆಗಿರಬೇಕು ಅನ್ನುವ ನಿಯಮ ಇಲ್ಲ. ನಿಮ್ಮ ಊರಿನ ರೋಟರಿ ಕ್ಲಬ್‌ಗೆ ಹೋಗಿ, ಜಿಲ್ಲಾ ಮಟ್ಟದಲ್ಲಿ ಯೂತ್ ಎಕ್ಸ್‌ಚೇಂಜ್ ನೋಡಿಕೊಳ್ಳುವವರು ಯಾರು ಅಂತ ಕೇಳಿ. ಇನ್ನೊಂದು ಎಎಫ್‌ಎಸ್. ಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸಿದ ಆಂಬುಲೆನ್ಸ್ ಸ್ವಯಂಸೇವಕರು ಕಟ್ಟಿದ ಸಂಸ್ಥೆ ಅದು. 1947ರಿಂದ ಶಾಲಾ ಮಕ್ಕಳನ್ನು ಕಳಿಸುತ್ತಿದೆ, ಭಾರತದಲ್ಲೂ ಇದೆ. ನಾವು ಹೋದದ್ದು ರೋಟರಿ ದಾರಿಯಲ್ಲಿ. ಅಲ್ಲಿ ಒಂದೇ ವರ್ಷದಲ್ಲಿ ಎರಡು ಮೂರು ಮನೆ ಬದಲಾಗುವುದು ಸಾಮಾನ್ಯ.

ನಾವು ವಿಚಾರಿಸುತ್ತಿದ್ದಾಗ ಒಬ್ಬ ಏಜೆಂಟ್ ಮನೆಗೇ ಬಂದ. ದೇಶ, ಊರು ಎರಡನ್ನೂ ಖಾತರಿ ಮಾಡಿಕೊಡುತ್ತೇನೆ, ಮುಂಗಡ ನಗದಾಗಿ ಕೊಡಿ ಅಂದ. ಹಾಗೆ ಯಾರಾದರೂ ಹೇಳಿದರೆ ಎದ್ದು ಬಾಗಿಲು ತೋರಿಸಿ. ಈ ಕಾರ್ಯಕ್ರಮಗಳಲ್ಲಿ ಮನೆಯವರು ದುಡ್ಡು ತೆಗೆದುಕೊಳ್ಳದೆ, ಪ್ರೀತಿಯಿಂದ ಬಾಗಿಲು ತೆರೆಯುತ್ತಾರೆ. ಯಾವ ಮನೆ, ಯಾವ ಊರು ಅನ್ನುವುದು ಹೊರಡುವ ಕೆಲವೇ ವಾರ ಮುಂಚೆ ತಿಳಿಯುವುದೂ ಉಂಟು.

ಯಾವ ವರ್ಷ ಕಳಿಸಬೇಕು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು: "ಒಂದು ವರ್ಷ ಹಾಳಾಗಲ್ವಾ?" ನನ್ನ ಉತ್ತರ ನೇರ. ಓದಿನಲ್ಲಿ ಒಂದು ವರ್ಷ ಹಿಂದೆ ಬೀಳುತ್ತದೆ. ಅದನ್ನು ಒಪ್ಪಿಕೊಂಡೇ ಹೊರಡಿ. ಜರ್ಮನಿಯ ಶಾಲೆಯಲ್ಲಿ ಕಳೆದ ವರ್ಷವನ್ನು ಮೊದಲ ಪಿಯುಸಿ ಅಂತ ಲೆಕ್ಕ ಹಾಕಿಸಲು ಓಡಾಡಬೇಡಿ. ಅಲ್ಲಿ ಕಲಿತ ಭೌತಶಾಸ್ತ್ರದಿಂದ ಇಲ್ಲಿನ ಎರಡನೇ ಪಿಯುಸಿಗೆ ನೇರವಾಗಿ ಕೂರುವ ಮಗು ಆಮೇಲೆ ಒದ್ದಾಡುತ್ತದೆ.

ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಹೋಗುವುದು ಎಲ್ಲಕ್ಕಿಂತ ಸಲೀಸು. ಮಾರ್ಚ್-ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯುತ್ತದೆ, ಆಗಸ್ಟ್‌ನಲ್ಲಿ ಜರ್ಮನಿ. ಮುಂದಿನ ವರ್ಷ ಜೂನ್ ಕೊನೆ ಅಥವಾ ಜುಲೈನಲ್ಲಿ ವಾಪಸ್, ಅದೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹಿಡಿದು ಮೊದಲ ಪಿಯುಸಿಗೆ ಸೇರುವುದು. ಮೊದಲ ಪಿಯುಸಿ ಓದಿ ಮಧ್ಯದಲ್ಲಿ ಹೋದರೆ ಎರಡು ವರ್ಷದ ಓದಿನ ಓಟವೇ ಕಡಿದುಹೋಗುತ್ತದೆ. ಜೆಇಇ, ನೀಟ್ ಬರೆಯುವ ಆಸೆ ಇದ್ದರೂ ಹೆದರಬೇಡಿ. ಆ ಪರೀಕ್ಷೆಗಳು ಪಿಯುಸಿಯ ಜೊತೆಗೇ ಒಂದು ವರ್ಷ ಮುಂದೆ ಹೋಗುತ್ತವೆ.

ಇಲ್ಲಿ ಎಚ್ಚರ ಬೇಕಾದದ್ದು ಒಂದೇ ವಿಷಯಕ್ಕೆ. ಪಿಯುಸಿಗೆ ಶೇ. 75 ಹಾಜರಿ ಬೇಕು, ತರಗತಿಗಳು ಜೂನ್ ಹೊತ್ತಿಗೇ ಶುರುವಾಗುತ್ತವೆ. ಹಾಗಾಗಿ ಹೊರಡುವ ಮುಂಚೆಯೇ ಸೇರಬೇಕೆಂದಿರುವ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರ ಹತ್ತಿರ ಮಾತಾಡಿ. ಬಾಯಿಮಾತು ಸಾಲದು, ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ನಾವು ಮಾತು ಕೊಟ್ಟರು ಅಂತ ನಂಬಿ ಬಂದೆವು. ವರ್ಷ ಕಳೆದು ಹೋದಾಗ ಆ ಕಾಲೇಜಿನಲ್ಲಿ ಬೇರೆಯವರು ಕೂತಿದ್ದರು, ಯಾರಿಗೂ ನೆನಪಿರಲಿಲ್ಲ. ಹದಿನೈದು ದಿನ ಬೇರೆ ಕಾಲೇಜು ಹುಡುಕಿಕೊಂಡು ಅಲೆದೆವು.

ಮುಂದಿನ ಆಗಸ್ಟ್‌ನಲ್ಲಿ ಹೋಗಬೇಕಾದರೆ ಈ ವರ್ಷದ ದಸರಾ ಹೊತ್ತಿಗೇ ವಿಚಾರಿಸಲು ಶುರು ಮಾಡಿ. ಅಂದರೆ ಮಗು ಹತ್ತನೇ ಕ್ಲಾಸಿನ ಮಧ್ಯದಲ್ಲಿರುತ್ತದೆ. ಅರ್ಜಿಯ ಕೆಲಸವನ್ನು ಅಕ್ಟೋಬರ್ ರಜೆಯಲ್ಲಿ ಮುಗಿಸಿದರೆ ಓದಿಗೆ ತೊಂದರೆ ಆಗುವುದಿಲ್ಲ.

ದುಡ್ಡು

ರೋಟರಿ ದಾರಿಯಲ್ಲಿ ವಿಮಾನದ ಟಿಕೆಟ್, ವಿಮೆ, ವೀಸಾ, ಬಟ್ಟೆಬರೆ, ತಿರುಗಾಟ ನಿಮ್ಮ ಖರ್ಚು. ಊಟ, ವಸತಿ ಆ ಮನೆಯವರದ್ದು. ಸಣ್ಣ ಪಾಕೆಟ್ ಮನಿಯನ್ನು ಅಲ್ಲಿನ ಕ್ಲಬ್ ಪ್ರತಿ ತಿಂಗಳು ಕೊಡುತ್ತದೆ. ಸರ್ಕಾರಿ ಶಾಲೆಗೆ ಫೀಸ್ ಇಲ್ಲ. ಎಎಫ್‌ಎಸ್‌ನಲ್ಲಿ ಒಟ್ಟು ಶುಲ್ಕ ಇರುತ್ತದೆ, ಕೆಲವರಿಗೆ ವಿದ್ಯಾರ್ಥಿವೇತನ ಸಿಗುತ್ತದೆ, ಕೇಳಿ ನೋಡಿ. ತುರ್ತಿಗೆ ಅಂತ ಒಂದಿಷ್ಟು ದುಡ್ಡು ಬೇರೆ ಇಟ್ಟಿರಿ. ಅದನ್ನು ಮಗುವಿನ ಖರ್ಚಿನ ಕಾರ್ಡ್‌ಗೆ ಸೇರಿಸಬೇಡಿ.

ಪರಿಚಯದ ಪತ್ರ

ಅರ್ಜಿಯ ಜೊತೆ, ತನ್ನನ್ನು ಇಟ್ಟುಕೊಳ್ಳುವ ಮನೆಯವರಿಗೆ ಮಗು ಒಂದು ಪತ್ರ ಬರೆಯಬೇಕು. ನನ್ನ ಮಗಳ ಮೊದಲ ಕರಡಿನಲ್ಲಿ ಬರೀ ಅಂಕ, ಬಹುಮಾನ, ಅಬಾಕಸ್. ಅದನ್ನು ಓದಿದವರಿಗೆ ಈ ಹುಡುಗಿ ಮನೆಯಲ್ಲಿ ಹೇಗಿರುತ್ತಾಳೆ ಅನ್ನುವುದು ಒಂಚೂರೂ ತಿಳಿಯುತ್ತಿರಲಿಲ್ಲ. ಎರಡನೇ ಸಲ ಅವಳೇ ಕೂತು ಬರೆದಳು: ಬೆಳಿಗ್ಗೆ ಏಳುವುದಕ್ಕೆ ಕಷ್ಟ, ಅಜ್ಜಿಯ ಜೊತೆ ಹೂ ಕಟ್ಟುತ್ತೇನೆ, ತಮ್ಮನ ಜೊತೆ ಜಗಳ ಆಡಿದರೂ ರಾತ್ರಿ ಒಟ್ಟಿಗೆ ಕೇರಂ ಆಡುತ್ತೇವೆ, ನಾಯಿ ಅಂದರೆ ಭಯ ಆದರೆ ಕಲಿಯುವ ಆಸೆ ಇದೆ. ಆ ಪತ್ರ ನೋಡಿಯೇ ನಿನ್ನನ್ನು ಆರಿಸಿಕೊಂಡೆವು ಅಂತ ಹೋಸ್ಟ್ ಅಮ್ಮ, ಅಂದರೆ ಅವಳು ಉಳಿದ ಮನೆಯ ಅಮ್ಮ, ಆಮೇಲೆ ಹೇಳಿದರು.

ಊಟದ ವಿಷಯವನ್ನು ಬಿಡಿಸಿ ಬರೆಯಿರಿ. ಸುಮ್ನೆ "ಸಸ್ಯಾಹಾರಿ" ಅಂದರೆ ಸಾಲದು. ಮೊಟ್ಟೆ ಆಗುತ್ತದಾ? ಮೊಟ್ಟೆ ಹಾಕಿದ ಕೇಕ್? ಮಾಂಸ ಬೇಯಿಸಿದ ಪಾತ್ರೆ? ಜೆಲಟಿನ್ (ಪ್ರಾಣಿಗಳಿಂದ ತೆಗೆಯುವ ಅಂಟು) ಇರುವ ಮಿಠಾಯಿ? ಅಲರ್ಜಿ, ಮಾತ್ರೆ, ಮುಟ್ಟಿನ ನೋವು, ಹಿಂದೆ ಆದ ಖಿನ್ನತೆ, ಯಾವುದನ್ನೂ ಮುಚ್ಚಿಡಬೇಡಿ. ಆಯ್ಕೆ ಆಗುವುದಿಲ್ಲವೇನೋ ಅಂತ ಮುಚ್ಚಿಟ್ಟರೆ ಅದರ ಭಾರ ಹೊರುವುದು ಪರದೇಶದಲ್ಲಿ ಒಂಟಿಯಾಗಿರುವ ಮಗು.

ಕಾಗದಪತ್ರ

ಪಾಸ್‌ಪೋರ್ಟ್ ಮೊದಲು. 18 ತುಂಬದವರಿಗೆ ಸಾಮಾನ್ಯವಾಗಿ 5 ವರ್ಷದ್ದು ಕೊಡುತ್ತಾರೆ. 15 ದಾಟಿದವರು 10 ವರ್ಷದ್ದನ್ನು ಕೇಳಬಹುದು. ಜನನ ಪ್ರಮಾಣಪತ್ರ, ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಎಲ್ಲದರಲ್ಲೂ ಹೆಸರಿನ ಕಾಗುಣಿತ, ಇನಿಷಿಯಲ್ ಒಂದೇ ಥರ ಇದೆಯಾ ಅಂತ ಈಗಲೇ ನೋಡಿ. ನಮ್ಮ ಕಡೆ ಇನಿಷಿಯಲ್ಲೇ ದೊಡ್ಡ ತಲೆನೋವು. ತಿದ್ದಿಸಲು ತಿಂಗಳುಗಳು ಬೇಕಾಗುತ್ತವೆ.

ಯುರೋಪಿನ ಸಣ್ಣ ಪ್ರವಾಸಕ್ಕೆ ಕೊಡುವ 90 ದಿನದ ಷೆಂಗೆನ್ ವೀಸಾ ಸಾಲದು, ಹೆಚ್ಚು ಕಾಲ ಇರುವವರಿಗೆ ಕೊಡುವ ಜರ್ಮನಿಯ ನ್ಯಾಷನಲ್ ವೀಸಾ ಬೇಕು. ಅದರ ಶುಲ್ಕ 75 ಯೂರೊ, 18ರ ಒಳಗಿನವರಿಗೆ ಅರ್ಧ. ಬೆಂಗಳೂರಿನಲ್ಲೇ ಜರ್ಮನ್ ಕಾನ್ಸುಲೇಟ್ ಇದೆ. ಅವರ ವೆಬ್‌ಸೈಟ್‌ನಲ್ಲಿರುವ ಪಟ್ಟಿಯನ್ನು ಪ್ರಿಂಟ್ ತೆಗೆದು ಒಂದೊಂದಾಗಿ ಟಿಕ್ ಹಾಕುತ್ತ ಹೋಗಿ. ಅಪ್ಪ, ಅಮ್ಮ ಇಬ್ಬರ ಒಪ್ಪಿಗೆಯೂ ಬೇಕು. ಶಾಲೆಯ ಪತ್ರ, ಮನೆಯವರ ಪತ್ರ ಕೈಗೆ ಬಂದ ದಿನವೇ ಅರ್ಜಿ ಹಾಕಿ, ಮರುದಿನಕ್ಕೆ ಮುಂದೂಡಬೇಡಿ.

ಬಹಳ ಜನ ಮರೆಯುವುದು ಲಸಿಕೆಯ ದಾಖಲೆ. ದಡಾರ ಲಸಿಕೆ ಎರಡು ಸಲ ಆಗಿದೆ ಅನ್ನುವ ದಾಖಲೆಯನ್ನು ಜರ್ಮನಿಯ ಶಾಲೆಗೆ ಸೇರುವಾಗ ತೋರಿಸಬೇಕು. 2020ರ ಮಾರ್ಚ್‌ನಿಂದ ಅಲ್ಲಿ ಅದು ಕಾನೂನು. ಬೀರುವಿನಲ್ಲಿ ಎಲ್ಲೋ ಇರುವ ತಾಯಿ ಕಾರ್ಡ್ ಹುಡುಕಿ. 2017ರ ಫೆಬ್ರವರಿಯಲ್ಲಿ ನಮ್ಮ ಶಾಲೆಗಳಲ್ಲೇ ದಡಾರ-ರುಬೆಲ್ಲಾ ಲಸಿಕೆ ಹಾಕಿದ್ದರು, ನೆನಪಿದೆಯಾ? ಆಗ ಕೊಟ್ಟ ಚೀಟಿಯೂ ಉಪಯೋಗಕ್ಕೆ ಬರುತ್ತದೆ. ಏನೂ ಸಿಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ, ರಕ್ತ ಪರೀಕ್ಷೆಯಲ್ಲಿ ರೋಗನಿರೋಧಕ ಶಕ್ತಿ ಇರುವುದು ಗೊತ್ತಾದರೆ ಆ ವರದಿ ನಡೆಯುತ್ತದೆ. ಇಲ್ಲವಾದರೆ ಹೊಸದಾಗಿ ಹಾಕಿಸಿ ಬರೆಸಿಕೊಳ್ಳಿ.

ಭಾಷೆ ಮತ್ತು ಸೂಟ್‌ಕೇಸ್

ಇಂಗ್ಲಿಷ್ ಸಾಕು ಅಂದುಕೊಳ್ಳಬೇಡಿ. ಹೊರಡುವ ಹೊತ್ತಿಗೆ ಎ1 ಮಟ್ಟದ, ಅಂದರೆ ಮೊದಲ ಹಂತದ ಜರ್ಮನ್ ಬಂದರೆ ಮೊದಲ ತಿಂಗಳ ಒಂಟಿತನ ಅರ್ಧ ಕಡಿಮೆ. ಬೆಂಗಳೂರಿನವರಿಗೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಉಳಿದ ಊರುಗಳಲ್ಲಿರುವವರಿಗೆ ಡಾಯ್ಚೆ ವೆಲ್ಲೆಯ ಉಚಿತ ಆನ್‌ಲೈನ್ ಪಾಠಗಳು ಚೆನ್ನಾಗಿವೆ. ಕನ್ನಡದ ಮಕ್ಕಳಿಗೆ ಒಂದು ಅನುಕೂಲವೂ ಇದೆ. "ನನಗೆ ಸುಸ್ತಾಗಿರುವುದರಿಂದ" ಅನ್ನುವಂಥ ವಾಕ್ಯಗಳಲ್ಲಿ ಜರ್ಮನ್ ಕ್ರಿಯಾಪದವೂ ಕೊನೆಗೇ ಬರುತ್ತದೆ. ನೀನು, ನೀವು ಅನ್ನುವ ವ್ಯತ್ಯಾಸವೂ ಅಲ್ಲಿದೆ. ಇಂಗ್ಲಿಷ್ ಮೂಲಕ ಕಲಿಯುವಾಗ ಎಡವಿದ ಕಡೆ ಕನ್ನಡದಲ್ಲಿ ಯೋಚಿಸಿ ನೋಡಿ, ಎಷ್ಟೋ ಸಲ ಬಾಗಿಲು ತೆರೆಯುತ್ತದೆ.

ಸೂಟ್‌ಕೇಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಳಿಯ ಜಾಕೆಟ್, ಬೂಟು ಅಲ್ಲೇ ಕೊಳ್ಳಿ. ತುಪ್ಪ, ಪೇಡ, ಹಾಲಿನ ಪದಾರ್ಥ ಯಾವುದೂ ಬೇಡ, ಯುರೋಪಿಗೆ ಒಯ್ಯುವಂತಿಲ್ಲ. ಕರಿಬೇವು, ಮಾವಿನಹಣ್ಣು ಕೂಡ ಬೇಡ. ಸಾರಿನ ಪುಡಿ, ಚಟ್ನಿಪುಡಿ ತೆಗೆದುಕೊಂಡು ಹೋಗಿ. ಮೂರು ಬಗೆಯ ಅಡುಗೆ ಒಬ್ಬಳೇ ಮಾಡುವಷ್ಟು ಕಲಿತಿರಲಿ. ನನ್ನ ಮಗಳ ಚಿತ್ರಾನ್ನ ಆ ಮನೆಯಲ್ಲಿ ಈಗಲೂ ಮಾಡುತ್ತಾರೆ.

ಮೊದಲ ವಾರ: ಕೇಳಿ, ಕೇಳಿ, ಕೇಳಿ

ಹೋದ ಮರುದಿನವೇ ಮನೆಯವರ ಜೊತೆ ಕೂತು ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಿಮ್ಮನ್ನು ಏನಂತ ಕರೆಯಲಿ? ಬೆಳಿಗ್ಗೆ ಸ್ನಾನಕ್ಕೆ ನನ್ನ ಹೊತ್ತು ಯಾವುದು, ಎಷ್ಟು ನಿಮಿಷ? ಬಟ್ಟೆ ಯಾವಾಗ ಒಗೆಯುತ್ತೀರಿ, ಒಳಬಟ್ಟೆಯನ್ನೂ ಅದರಲ್ಲೇ ಹಾಕಬಹುದಾ? ಹಸಿವಾದರೆ ಫ್ರಿಡ್ಜ್‌ನಿಂದ ಕೇಳದೆ ಏನನ್ನು ತೆಗೆದುಕೊಳ್ಳಬಹುದು? ಮನೆಯಲ್ಲಿ ನನ್ನ ಕೆಲಸ ಏನು? ಸಂಜೆ ಎಷ್ಟು ಗಂಟೆಗೆ ವಾಪಸ್ ಬರಬೇಕು? ನನ್ನಿಂದ ಬೇಸರವಾದರೆ ನೇರವಾಗಿ ಹೇಳುತ್ತೀರಾ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಅಲ್ಲಿನ ಜನ ತಪ್ಪನ್ನು ನೇರವಾಗಿ ಹೇಳುತ್ತಾರೆ. ನಮ್ಮ ಮಕ್ಕಳು ಅದನ್ನು ಬೈಗುಳ ಅಂದುಕೊಂಡು ರೂಮಿಗೆ ಹೋಗಿ ಅಳುತ್ತಾರೆ. ಹೇಳಿ ಮುಗಿಸಿದ ಮೇಲೆ ಅವರ ಮನಸ್ಸಿನಲ್ಲಿ ಏನೂ ಉಳಿದಿರುವುದಿಲ್ಲ.

ರಾತ್ರಿ ಊಟ ಬಹಳ ಮನೆಗಳಲ್ಲಿ ತಣ್ಣಗಿನ ಬ್ರೆಡ್, ಬೆಣ್ಣೆ, ಚೀಸ್. ಬಿಸಿ ಊಟ ಮಧ್ಯಾಹ್ನವೇ ಆಗಿರುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಆ ದಿನ ಸದ್ದು ಮಾಡುವ ಕೆಲಸವೂ ಇಲ್ಲ. ಕಸವನ್ನು ಬೇರೆ ಬೇರೆ ಡಬ್ಬಿಗೆ ಹಾಕಬೇಕು. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಎಸೆಯದೆ ಅಂಗಡಿಯ ಯಂತ್ರಕ್ಕೆ ಕೊಟ್ಟು ದುಡ್ಡು ವಾಪಸ್ ತೆಗೆದುಕೊಳ್ಳಿ. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆರೆದು ಗಾಳಿ ಆಡಿಸುತ್ತಾರೆ, ಗಾಬರಿಯಾಗಬೇಡಿ.

ಒಂದೊಂದು ಸೀಮೆಯ ರೀತಿ ಒಂದೊಂದು. ಓಸ್ಟ್‌ಫ್ರೀಸ್‌ಲಾಂಡ್‌ನವರಿಗೆ ಚಹಾ ಅಂದರೆ ಪ್ರಾಣ. ಕಪ್ಪಿನ ತಳದಲ್ಲಿ ಕಲ್ಲುಸಕ್ಕರೆ ಇಡುತ್ತಾರೆ. ಬಿಸಿ ಚಹಾ ಸುರಿದಾಗ ಅದು ಚಟಚಟ ಅನ್ನುತ್ತದೆ. ಮೇಲೆ ಕ್ರೀಮ್ ಬಿಡುತ್ತಾರೆ. ಕಲಕುವಂತಿಲ್ಲ. ಮೊದಲು ಕೆನೆ, ಆಮೇಲೆ ಕಹಿ, ಕೊನೆಗೆ ಸಿಹಿ. ಮೂರು ಕಪ್ಪು ಕುಡಿಯುವುದು ಪದ್ಧತಿ. ಸಾಕಾದಾಗ ಚಮಚವನ್ನು ಕಪ್ಪಿನೊಳಗೆ ಇಡಬೇಕು. ಇಡದಿದ್ದರೆ ಸುರಿಯುತ್ತಲೇ ಇರುತ್ತಾರೆ. ಬ್ರೆಡ್ಡಿನ ವಿಷಯದಲ್ಲಿ ಒಂದು ಸಲ ಬೇಡ ಅಂದರೆ ನಿಲ್ಲಿಸುವ ಅದೇ ಜನ! ಮಗಳು ಐದು ಕಪ್ಪು ಕುಡಿದ ಮೇಲೆ ಯಾಕೆ ನಿಲ್ಲಿಸುತ್ತಿಲ್ಲ ಅಂತ ಕೇಳಿದಳು. ಆಗ ಚಮಚದ ಗುಟ್ಟು ತಿಳಿಯಿತು. ಆ ಚಹಾದ ಎಲೆ ಹೆಚ್ಚಾಗಿ ಅಸ್ಸಾಮಿನದು ಅಂತ ಪೊಟ್ಟಣದ ಮೇಲೆ ಓದಿದ ದಿನ ಅವಳಿಗೆ ಎಷ್ಟು ಖುಷಿಯೋ.

ಶಾಲೆ

ಜರ್ಮನಿಯಲ್ಲಿ 1 ಅಂದರೆ ಅತಿ ಒಳ್ಳೆಯ ಅಂಕ, 6 ಅಂದರೆ ಫೇಲು. ಅದಕ್ಕಿಂತ ಮುಖ್ಯವಾದದ್ದು, ತರಗತಿಯಲ್ಲಿ ಬಾಯಿಬಿಟ್ಟು ಮಾತಾಡುವುದಕ್ಕೂ ಅಂಕ ಇದೆ. ಅದರ ಪಾಲು ಸಣ್ಣದಲ್ಲ. ಸುಮ್ಮನೆ ಕೂತು ಚೆನ್ನಾಗಿ ಬರೆಯುವ ನಮ್ಮ ಜಾಣ ಮಕ್ಕಳಿಗೆ ಅಲ್ಲಿ ಕಷ್ಟವಾಗುವುದು ಇದೇ. ದಿನಕ್ಕೆ ಒಂದು ಸಲ ಕೈ ಎತ್ತುವುದು ಅಂತ ಶುರು ಮಾಡಿ. ಗಣಿತದ ಕ್ಲಾಸಿನಿಂದ ಶುರು ಮಾಡಿದರೆ ಸುಲಭ, ಅಲ್ಲಿ ಭಾಷೆ ಕಡಿಮೆ ಬೇಕು. ಯಾರಾದರೂ ಬಂದು ಮಾತಾಡಿಸುತ್ತಾರೆ ಅಂತ ಕಾಯಬೇಡಿ. ಹ್ಯಾಂಡ್‌ಬಾಲ್ ತಂಡ, ವಾದ್ಯಗೋಷ್ಠಿ, ಏನಾದರೊಂದಕ್ಕೆ ಸೇರಿ. ಸ್ನೇಹ ಹುಟ್ಟುವುದು ಅಲ್ಲೇ, ತರಗತಿಯಲ್ಲಲ್ಲ. ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಊರಾದರೆ ಇಲ್ಲೇ ಮಳೆಯಲ್ಲಿ ತುಳಿದು ಅಭ್ಯಾಸ ಮಾಡಿ.

ಕ್ಲಬ್‌ನಲ್ಲಿ, ಶಾಲೆಯಲ್ಲಿ ನಿಮ್ಮ ಊರಿನ ಬಗ್ಗೆ ಮಾತಾಡಿ ಅನ್ನುತ್ತಾರೆ. ತಾಜಮಹಲ್ ಚಿತ್ರ ತೋರಿಸಬೇಡಿ, ನಿಮ್ಮ ಬೀದಿ ತೋರಿಸಿ. ನನ್ನ ಮಗಳಿಗೆ ಅಲ್ಲೊಂದು ಭಾಗ್ಯ ಸಿಕ್ಕಿತು. ಕನ್ನಡಕ್ಕೆ ನಿಘಂಟು ಕಟ್ಟಿಕೊಟ್ಟ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಅದೇ ಔರಿಖ್ ಜಿಲ್ಲೆಯ ರೆಸ್ಟರ್‌ಹಾಫೆ ಅನ್ನುವ ಪುಟ್ಟ ಊರಿನಲ್ಲಿ. ಅಲ್ಲಿ ಕೂತಿದ್ದ ಹಿರಿಯರಿಗೆ ಅದು ಗೊತ್ತಿರಲಿಲ್ಲ. ನಿಮ್ಮೂರಿನವರೊಬ್ಬರು ನನ್ನ ಭಾಷೆಯ ಪದಗಳನ್ನೆಲ್ಲ ಒಂದೊಂದಾಗಿ ಜೋಡಿಸಿದರು ಅಂತ ಅವಳು ಜರ್ಮನ್‌ನಲ್ಲೇ ಹೇಳಿದಳು. ಮುಂದಿನ ಭಾನುವಾರ ಇಬ್ಬರು ಅಜ್ಜಂದಿರು ಕಾರಿನಲ್ಲಿ ಅವಳನ್ನು ಆ ಊರಿಗೆ ಕರೆದುಕೊಂಡು ಹೋದರು.

ಚಳಿಗಾಲ, ಮನೆಯ ನೆನಪು

ಡಿಸೆಂಬರ್‌ನಲ್ಲಿ ಅಲ್ಲಿ ಬೆಳಕು ಹರಿಯುವುದು ಎಂಟೂವರೆಯ ಹೊತ್ತಿಗೆ, ಸಂಜೆ ನಾಲ್ಕೂಕಾಲಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಶಾಲೆಗೆ ಕತ್ತಲಲ್ಲೇ ಹೊರಡಬೇಕು. ಮನೆಯ ನೆನಪು ಜಾಸ್ತಿ ಕಾಡುವುದು ಆಗಲೇ. ಅಪ್ಪ-ಅಮ್ಮಂದಿರೇ, ನಿಮಗೆ ಒಂದು ಮಾತು: ದಿನಾ ವಿಡಿಯೋ ಕಾಲ್ ಮಾಡಬೇಡಿ. ನಾನು ಮೊದಲ ತಿಂಗಳು ಮಾಡಿದೆ. ಅವಳು ಅಲ್ಲಿನ ಊಟದ ಮೇಜಿನಿಂದ ಎದ್ದು ಬಂದು ನನ್ನ ಜೊತೆ ಮಾತಾಡುತ್ತಿದ್ದಳು. ಅವಳನ್ನು ವಿಚಾರಿಸಿಕೊಳ್ಳಲು ರೋಟರಿ ಗೊತ್ತುಮಾಡಿದ್ದ ಅಲ್ಲಿನ ಕೌನ್ಸೆಲರ್ ಮೆತ್ತಗೆ ಹೇಳಿದ ಮೇಲೆ ವಾರಕ್ಕೊಂದು ಸಲಕ್ಕೆ ಇಳಿಸಿದೆವು. ಆ ವಾರ ನನಗೆ ನಿದ್ದೆ ಬರಲಿಲ್ಲ. ಆದರೆ ಅವಳ ಜರ್ಮನ್ ಓಡಲು ಶುರುವಾಯಿತು. ಸಮಯದ ಅಂತರ ಬೇಸಿಗೆಯಲ್ಲಿ ಮೂರೂವರೆ ಗಂಟೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದ ತನಕ ನಾಲ್ಕೂವರೆ.

ತೊಂದರೆಯಾದರೆ

ರೋಟರಿಯಲ್ಲಿ ಪ್ರತಿ ಮಗುವಿಗೂ ಒಬ್ಬ ಕೌನ್ಸೆಲರ್ ಇರುತ್ತಾರೆ, ಅವರು ಮಗು ಉಳಿದಿರುವ ಮನೆಯವರಾಗಿರುವುದಿಲ್ಲ. ಮನೆಯಲ್ಲಿ ಸರಿಹೋಗದಿದ್ದರೆ ಅವರಿಗೆ ಹೇಳಬೇಕು. ಮನೆ ಬದಲಿಸಿ ಅಂತ ಕೇಳುವುದು ತಪ್ಪಲ್ಲ, ಅವಮಾನವೂ ಅಲ್ಲ. ಯಾರಾದರೂ ಮೈಮುಟ್ಟಿದರೆ, ಹೆದರಿಸಿದರೆ, ಯಾರಿಗೂ ಹೇಳಬೇಡ ಅಂದರೆ, ಆ ಕ್ಷಣವೇ ಹೇಳಬೇಕು. ಕೌನ್ಸೆಲರ್‌ಗೆ, ಶಾಲೆಯ ಟೀಚರ್‌ಗೆ, ಮನೆಗೆ, ಯಾರಿಗಾದರೂ ಸರಿ. ತುರ್ತಿಗೆ 112. ಮಕ್ಕಳ ಸಹಾಯವಾಣಿ 116111, ಹೆಸರು ಹೇಳದೆಯೂ ಮಾತಾಡಬಹುದು. ಎರಡೂ ನಂಬರ್ ಬಾಯಿಪಾಠವಾಗಿರಲಿ. ಹೊರಡುವ ಮುಂಚೆ ಮಗುವಿನ ಕಣ್ಣು ನೋಡಿ ಹೇಳಿ: "ಏನೇ ಆಗಿದ್ದರೂ ನಾವು ಬೈಯುವುದಿಲ್ಲ. ಟಿಕೆಟ್ ದುಡ್ಡು ಹೋದರೆ ಹೋಗಲಿ."

ನಿಯಮಗಳೂ ಇವೆ. ಗಾಡಿ ಓಡಿಸುವಂತಿಲ್ಲ, ಕುಡಿಯುವಂತಿಲ್ಲ, ಡ್ರಗ್ಸ್ ಇಲ್ಲ, ಪ್ರೇಮ ಪ್ರಕರಣ ಇಲ್ಲ. ಜರ್ಮನಿಯ ಕಾನೂನು 16 ತುಂಬಿದವರಿಗೆ ಬಿಯರ್ ಕೊಡುತ್ತದೆ. ಅಂದರೆ ಜೊತೆಯ ಮಕ್ಕಳ ಕೈಯಲ್ಲಿ ಅದು ಇರುತ್ತದೆ. ಆಗ ಏನು ಹೇಳಬೇಕು ಅನ್ನುವುದನ್ನು ಮನೆಯಲ್ಲೇ ಮಾತಾಡಿಕೊಳ್ಳಿ. ನಿಯಮ ಮುರಿದರೆ ವಾಪಸ್ ಕಳಿಸುತ್ತಾರೆ.

ನಿಮ್ಮ ಮನೆಗೆ ಒಂದು ಮಗು ಬಂದರೆ

ನಮ್ಮ ಮನೆಗೆ ಬಂದ ಹುಡುಗ ಮೊದಲ ವಾರ ಹೊಟ್ಟೆ ಕೆಟ್ಟು ಮಲಗಿದ. ಸಾಕು ಅಂದರೂ ನಾನು ಬಡಿಸುತ್ತಿದ್ದೆ. ತಟ್ಟೆಯಲ್ಲಿ ಬಿಟ್ಟರೆ ಬೇಸರವಾಗುತ್ತದೆ ಅಂತ ಅವನು ತಿನ್ನುತ್ತಿದ್ದ. ಅವನ ಸಾಕು ಅನ್ನುವ ಮಾತು ನಿಜವಾಗಿಯೂ ಸಾಕು ಅಂತಲೇ. ಅವನ ರೂಮಿನ ಬಾಗಿಲು ಮುಚ್ಚಿದ್ದರೆ ತಟ್ಟಿ ಒಳಗೆ ಹೋಗಿ. ಬಾಗಿಲು ಮುಚ್ಚಿಕೊಳ್ಳುವುದು ಕೋಪವಲ್ಲ. ಕುಡಿಯಲು ಕಾಯಿಸಿ ಆರಿಸಿದ ನೀರು ಕೊಡಿ. ನೆಂಟರೆಲ್ಲ ಸೇರಿ ಫೋಟೋ ತೆಗೆಸಿಕೊಳ್ಳುವುದನ್ನು ಮಿತಿಯಲ್ಲಿಡಿ. ಬರೀ ಇಂಗ್ಲಿಷಿನಲ್ಲಿ ಮಾತಾಡಿಸಬೇಡಿ, ಅವನಿಗೂ ಕನ್ನಡ ಕಲಿಯುವ ಆಸೆ ಇರುತ್ತದೆ.

ವಾಪಸ್ ಬಂದ ಮೇಲೆ

ಜರ್ಮನಿ ಬಿಡುವ ಮುಂಚೆ ಅಲ್ಲಿನ ಊರಿನ ಕಚೇರಿಯಲ್ಲಿ ವಿಳಾಸದ ನೋಂದಣಿ ರದ್ದು ಮಾಡಿಸಬೇಕು. ಶಾಲೆಯಿಂದ ಅಂಕಪಟ್ಟಿ, ಹಾಜರಿಯ ಪತ್ರ ತೆಗೆದುಕೊಂಡು ಬರಲಿ. ಬೆಂಗಳೂರಿಗೆ ಇಳಿದ ವಾರದಲ್ಲೇ ಕಾಲೇಜಿಗೆ ಹೋಗಿ ಸೇರಿಸಿ.

ಮಗು ಬದಲಾಗಿ ಬಂದಿರುತ್ತದೆ. ಮಾತು ನೇರವಾಗಿರುತ್ತದೆ, ಅಜ್ಜಿಗೆ ಅದು ಒರಟು ಅನ್ನಿಸಬಹುದು. ನಮ್ಮ ಮನೆಯಲ್ಲಿ ಮಗಳು ಎರಡನೇ ದಿನ, "ಅಮ್ಮಾ, ನನಗೆ ಇವತ್ತು ಯಾರ ಜೊತೆಗೂ ಮಾತಾಡಬೇಕು ಅನ್ನಿಸ್ತಿಲ್ಲ. ಅಲ್ಲಿನ ಮನೆ ನೆನಪಾಗ್ತಿದೆ" ಅಂದಳು. ಬರಬೇಕಿದ್ದ ನೆಂಟರಿಗೆ ಫೋನ್ ಮಾಡಿ ಮುಂದಿನ ವಾರ ಬನ್ನಿ ಅಂದೆ. ಅವಳು ರೂಮಿನ ಬಾಗಿಲು ಹಾಕಿಕೊಂಡು ಹೋಸ್ಟ್ ಅಮ್ಮನಿಗೆ ಕಾಲ್ ಮಾಡಿದಳು. ನಾನು ಚಹಾ ಮಾಡಿ ಬಾಗಿಲು ತಟ್ಟಿದೆ.